ನಾಲ್ಕು ಬೆರಳಿನ ಸಂದು

ಗೋಡೆ ಕಟ್ಟುವಾಗ ಮೇಸ್ತ್ರಿಯ ಕಣ್ಣು ತಪ್ಪಿ ಉಳಿದುಹೋಗುವ ಸಂದುಗಳು ಎಲ್ಲರ ಮನೆಯಲ್ಲೂ ಇರುತ್ತವೆ. ಓಬಳೇಶನ ಮನೆಯದು ಅಂಥದ್ದಲ್ಲ. ಅದನ್ನು ಬೇಕೂಂತಲೇ ಬಿಟ್ಟದ್ದು, ಬೆರಳಿಟ್ಟು ಅಳೆದು ಬಿಟ್ಟದ್ದು. ತಳಕು ಎಂಬ ಊರಿನಿಂದ ಒಳಗೆ ಹೋದರೆ ಸಿಗುವ ಆ ಹಟ್ಟಿಯಲ್ಲಿ ಅವನ ಮನೆ ಯಾವುದೆಂದು ಯಾರನ್ನು ಕೇಳಿದರೂ ತೋರಿಸುತ್ತಾರೆ, ಗಾಜಿನ ರೂಮು ಇರುವುದು ಅದೊಂದಕ್ಕೇ. ಮನೆಯ ಬಲಗೋಡೆಯ ಪಕ್ಕದಲ್ಲಿ ಮೂರು ಕಡೆ ಗಾಜು, ಮೇಲೆ ಶೀಟು, ನಾಲ್ಕನೇ ಕಡೆಗೆ ಗಾಜಿಲ್ಲದ ಬರಿಯ ಅಲ್ಯೂಮಿನಿಯಂ ಚೌಕಟ್ಟು. ಆ ಚೌಕಟ್ಟಿಗೂ ಮನೆಯ ಗೋಡೆಗೂ ನಡುವೆ, ಮೇಲಿನ ಶೀಟಿನಿಂದ ನೆಲದವರೆಗೆ, ನಾಲ್ಕು ಬೆರಳು ತೂರುವಷ್ಟು ಜಾಗ. ದೂರದಿಂದ ನೋಡಿದರೆ ರೂಮು ಮನೆಗೆ ಆತುಕೊಂಡಂತೆಯೇ ಕಾಣುತ್ತದೆ. ಆತುಕೊಂಡಿಲ್ಲ.

ಇದನ್ನು ಹೇಳಬೇಕೆಂದರೆ ದೇವರ ಬುಟ್ಟಿಯಿಂದ ಶುರು ಮಾಡಬೇಕು. ಓಬಳೇಶನ ಅಪ್ಪ ದೊಡ್ಡೀರಪ್ಪ ಪೂಜಾರಿಕೆ ಮಾಡುತ್ತಿದ್ದವನು. ಅವನು ಹೋದ ಮೇಲೂ ದೇವರನ್ನು ಕೂರಿಸಿದ ಬಿದಿರಿನ ಬುಟ್ಟಿ ಆ ಮನೆಯ ನಡುಕೋಣೆಯಲ್ಲೇ ಉಳಿಯಿತು. ಅದರ ಮುಂದೆ ದಿನಾ ದೀಪ ಹಚ್ಚುವ ಕೆಲಸ ಅವನ ಹೆಂಡತಿ ಜುಂಜಮ್ಮನ ಪಾಲಿಗೆ ಬಂತು. ಬುಟ್ಟಿ ಇರುವ ಸೂರಿನ ಕೆಳಗೆ ಬಾಣಂತಿ ಇರುವಂತಿಲ್ಲ. ಹಿಂದೆಲ್ಲ ಹಟ್ಟಿಯ ಬೇಲಿ ದಾಟಿ ಆಚೆ ಒಂದು ಗುಡ್ಲು ಹಾಕಿಕೊಡುತ್ತಿದ್ದರು. ಜುಂಜಮ್ಮ ಹೆತ್ತು ಮಲಗಿದ್ದೂ ಅಲ್ಲೇ. ಸೊಸೆ ಶಾಂತಕುಮಾರಿ ತನ್ನ ಒಬ್ಬಳೇ ಮಗಳು ಸ್ವಪ್ನಳನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದೂ ಅಲ್ಲೇ. ಈಗ ಹಟ್ಟಿಯಲ್ಲಿ ಎಷ್ಟೋ ಮನೆಯವರು ಇದನ್ನೆಲ್ಲ ಬಿಟ್ಟಿದ್ದಾರೆ, ಬಾಣಂತಿ ಒಳಗೇ ಟೀವಿ ನೋಡಿಕೊಂಡು ಇರುತ್ತಾಳೆ. ಆದರೆ ಬುಟ್ಟಿ ಇಟ್ಟುಕೊಂಡ ಮನೆಯವರು ಬಿಡುವುದು ಹೇಗೆ, ಎಂದು ಜುಂಜಮ್ಮ ಕೇಳುತ್ತಿದ್ದಳು. ಅವಳ ಎದುರು ನಿಂತು ಉತ್ತರ ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಹೋದ ವರ್ಷ ಸ್ವಪ್ನ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಆಶಾ ಕಾರ್ಯಕರ್ತೆ ಶೈಲಜಾ ಬಾಗಿಲಲ್ಲೇ ನಿಂತು ಕೂಗಾಡಿದಳು. "ಗುಡ್ಲಿಗೆ ಹಾಕಿದ್ರೆ ನಾ ಸುಮ್ಕಿರಲ್ಲ ನೋಡ್ರಿ. ಮಳೆಗಾಲ ಐತೆ, ಹಾವು ಚೇಳು ಅವೆ." ಓಬಳೇಶ ಹೆಂಡತಿಗೂ ಹೂಂ ಅನ್ನುವವನು, ಅವ್ವನಿಗೂ ಹೂಂ ಅನ್ನುವವನು, ಶೈಲಜಾಳಿಗೂ ಹೂಂ ಅಂದ. ಕುದಾಪುರದ ಕಡೆ ಒಂದು ಕ್ಯಾಂಪಸ್ಸಿನ ಗೇಟಿನಲ್ಲಿ ಅವನು ಸೆಕ್ಯುರಿಟಿ. ದಿನವಿಡೀ ಗಾಜಿನ ಕಟ್ಟಡಗಳನ್ನು ನೋಡಿ ನೋಡಿ ಅವನ ತಲೆಯಲ್ಲೂ ಗಾಜು ಕೂತುಬಿಟ್ಟಿತ್ತು. ಚಳ್ಳಕೆರೆಯಲ್ಲಿ ಒಂದು ಮೊಬೈಲ್ ಅಂಗಡಿ ಬಿಚ್ಚುತ್ತಿದ್ದರು, ಅದರ ಮುಂಭಾಗವನ್ನೇ ಟೆಂಪೋದಲ್ಲಿ ಹೇರಿಕೊಂಡು ಬಂದ. ಒಂದು ಗಾಜಿನ ಮೇಲೆ 'ಹಬ್ಬದ ಆಫರ್' ಅನ್ನುವ ಸ್ಟಿಕ್ಕರ್ ಅರ್ಧ ಕೆರೆದು ಹಾಗೇ ಉಳಿದಿತ್ತು. ಇವತ್ತಿಗೂ ಇದೆ.

ಹಟ್ಟಿಯ ಆಚೆಯಲ್ಲ, ಅಂಗಳದಲ್ಲೇ. ಸೋಗೆಯದಲ್ಲ, ಗಾಜಿನದು. ಶೈಲಜಾಳಿಗೆ ತೋರಿಸಲು ಪಕ್ಕಾ ರೂಮು, ಜುಂಜಮ್ಮನಿಗೆ ತೋರಿಸಲು ಬೇರೆ ಸೂರು. ಜುಂಜಮ್ಮ ಕೇಳಿದ್ದು ಒಂದೇ ಮಾತು: "ಮನೆಗ್ ಮುಟ್ಟಬಾರ್ದು ಕಣಪ್ಪ." ಕಟ್ಟಿ ಮುಗಿದ ದಿನ ಅವಳು ಒಂದು ಉಣ್ಣೆ ನೂಲು ತಂದಳು. ಓಬಳೇಶ ಏಣಿ ಹತ್ತಿ ಆ ನೂಲನ್ನು ಗೋಡೆಗೂ ಚೌಕಟ್ಟಿಗೂ ನಡುವೆ ಮೇಲಿನಿಂದ ಇಳಿಬಿಟ್ಟ, ಅವಳು ಕೆಳಗೆ ನಿಂತು ಎಳೆದುಕೊಂಡಳು. ನೂಲು ಎಲ್ಲೂ ಸಿಕ್ಕಿಕೊಳ್ಳದೆ ಅವಳ ಕೈಗೆ ಬಂತು. "ಆತು. ಎರಡೂ ಬ್ಯಾರೆ ಬ್ಯಾರೆ," ಎಂದು ರೂಮಿನೊಳಗೆ ಇಣುಕಿ ನೋಡಿ, "ಅರಮನೆ ಇದ್ದಂಗೈತೆ ಕಣೇ ಶಾಂತಾ. ಮಗೀಗೆ ಇನ್ನೇನ್ ಬೇಕು?" ಅಂದಳು. ತಾನು ಗುಡ್ಲಲ್ಲಿ ಮಲಗಿ ಎದ್ದವಳು, ಅವಳ ಕಣ್ಣಿಗೆ ಅದು ಅರಮನೆಯೇ.

ಶಾಂತಕುಮಾರಿಗೂ ಅದು ಹಿಡಿಸಿತ್ತು, ಸುಳ್ಳೇಕೆ. ಬಾಣಂತಿಯ ಹತ್ತಿರ ಹೋದವರು ಸ್ನಾನ ಮಾಡದೆ ಮನೆಯೊಳಗೆ ಬರುವಂತಿಲ್ಲವಲ್ಲ, ಹೊತ್ತುಹೊತ್ತಿಗೂ ಹೋಗಲು ಆಗದು. ಆದರೆ ಆ ಗೋಡೆಯಲ್ಲೇ ಅಡುಗೆಮನೆಯ ಕಿಟಕಿ ಇತ್ತು. ಮಗು ಹುಟ್ಟಿ ಆಸ್ಪತ್ರೆಯಿಂದ ಬಂದ ದಿನ ಅವಳು ಮಂಚವನ್ನು ಎಳೆದು ಎಳೆದು ಆ ಕಿಟಕಿಯ ಕೆಳಕ್ಕೇ ತಂದಳು. ಮುದ್ದೆ ತೊಳಸುತ್ತಾ ಮೊಮ್ಮಗನ ಮುಖ ನೋಡಬಹುದು. ನೋಡಿದ್ದೇ ನೋಡಿದ್ದು. ಓಬಳೇಶ ನಗುತ್ತಿದ್ದ, "ಅನ್ನ ಸೀದೋಗ್ತೈತೆ ನೋಡೇ," ಅಂತ.

ಸಂದಿನಿಂದ ಗಾಳಿ ನುಗ್ಗುತ್ತದೆ ಅನ್ನುವುದು ಮೊದಲ ವಾರವೇ ಗೊತ್ತಾಯಿತು. ಅದಕ್ಕೆ ಮಾಡಿದ ಉಪಾಯ ನೋಡಿ, ಬೇರೆ ಯಾರೂ ಮಾಡುತ್ತಿರಲಿಲ್ಲ. ಈ ಜನರಲ್ಲಿ ಕಂಬಳಿಗೆ ಮೈಲಿಗೆ ಇಲ್ಲ. ದೇವರ ಬುಟ್ಟಿ ಇಡುವುದೂ ಕಂಬಳಿಯ ಮೇಲೇ, ಬಾಣಂತಿಗೆ ಹಾಸುವುದೂ ಕಂಬಳಿಯೇ. ಎರಡು ಸೂರಿನ ನಡುವೆ ಕಂಬಳಿ ಇದ್ದರೆ ಅದು ಮುಟ್ಟಿದಂತೆ ಅಲ್ಲ. ಜುಂಜಮ್ಮ ತನ್ನ ಸ್ವಂತ ಕರಿ ಕಂಬಳಿಯನ್ನೇ ಹರಿದು ಕೊಟ್ಟಳು, ಗಂಡ ಹೊದ್ದದ್ದು, ಚಳ್ಳಕೆರೆ ಸಂತೆಯಲ್ಲಿ ಆರಿಸಿ ತಂದದ್ದು. ಶಾಂತಕುಮಾರಿ ಕೋಲಿನಿಂದ ಒತ್ತಿ ಒತ್ತಿ ಸಂದು ತುಂಬಿದಳು. ಗಾಳಿ ನಿಂತಿತು. ಎಲ್ಲರೂ ಭೇಷ್ ಅಂದರು.

ಆಮೇಲೆ ಹಸ್ತ ಮಳೆ ಹಿಡಿಯಿತು. ಮನೆಯ ಗೋಡೆಯ ಮೇಲೆ ಇಳಿದ ನೀರೆಲ್ಲ ಕಂಬಳಿಗೆ ಬಂತು, ಕಂಬಳಿ ಕುಡಿಯಿತು. ಮಳೆ ನಿಂತರೂ ಕಂಬಳಿ ನಿಲ್ಲಲಿಲ್ಲ; ಕುಡಿದದ್ದನ್ನೆಲ್ಲ ನಿಧಾನಕ್ಕೆ, ಹನಿಹನಿಯಾಗಿ, ಕಿಟಕಿಯ ಕೆಳಗಿನ ಮಂಚದ ಮೇಲೆ ಬಿಡುತ್ತಾ ಹೋಯಿತು. ಒಂದು ಹೊದಿಕೆ ಒಣಗಿಸುವಷ್ಟರಲ್ಲಿ ಇನ್ನೊಂದು ಒದ್ದೆ. ಮಗುವಿನ ಎದೆ ಗೊರಗೊರ ಅನ್ನತೊಡಗಿದಾಗ ಆಟೋದಲ್ಲಿ ಚಳ್ಳಕೆರೆಗೆ ಓಡಿದರು, ಅಲ್ಲಿಂದ ಆಂಬುಲೆನ್ಸಿನಲ್ಲಿ ಚಿತ್ರದುರ್ಗಕ್ಕೆ. ಮಗು ದುರ್ಗ ಮುಟ್ಟಲಿಲ್ಲ. ಇನ್ನೂ ಹೆಸರಿಟ್ಟಿರಲಿಲ್ಲ. ಹಾಗಾಗಿ ಆಮೇಲೆ ಮಾತು ಬಂದಾಗಲೆಲ್ಲ ಏನಂತ ಕರೆಯಬೇಕೋ ಯಾರಿಗೂ ತಿಳಿಯದೆ 'ಅದು' ಅಂತಲೇ ಅಂದರು.

ಶಾಂತಕುಮಾರಿ ಅಳಲಿಲ್ಲ. ಬಂದವರು ಅತ್ತರು, ಜುಂಜಮ್ಮ ಎದೆ ಬಡಿದುಕೊಂಡು ಅತ್ತಳು, ಇವಳು ಬಂದವರಿಗೆ ಚಾಪೆ ಹಾಸಿದಳು, ಟೀ ಕಾಸಿದಳು. ಗಟ್ಟಿಗಿತ್ತಿ ಅಂದರು. ಗಟ್ಟಿಯೂ ಅಲ್ಲ, ಮಣ್ಣೂ ಅಲ್ಲ. ಅವಳಿಗೆ ಏನೂ ಗೊತ್ತಾಗುತ್ತಿರಲಿಲ್ಲ, ಅಷ್ಟೇ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ನಾಲಿಗೆಗೆ ತಿಳಿಯದು. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸುತ್ತಾಳೆ, ಬೆರಳು ಬೊಬ್ಬೆ ಬಂದದ್ದನ್ನು ಗಂಡ ನೋಡಿ ಹೇಳಬೇಕು. ಮಾಗಿಯ ಚಳಿಯಲ್ಲಿ ಎಲ್ಲರೂ ಮುದುರಿಕೊಂಡಿದ್ದರೆ ಇವಳು ತೊಟ್ಟಿಯ ನೀರನ್ನು ಹಾಗೇ ಮೈಮೇಲೆ ಹುಯ್ದುಕೊಂಡು ಬಂದಳು. ಹೊಲಕ್ಕೆ ಹೋಗುತ್ತಾಳೆ, ಕೂಲಿಗೆ ಹೋಗುತ್ತಾಳೆ, ಮೇಕೆಗೆ ಸೊಪ್ಪು ಹಾಕುತ್ತಾಳೆ, ಒಂದರಲ್ಲೂ ತಪ್ಪಿಲ್ಲ. ಗಾಜಿನ ರೂಮಿಗೆ ಗೊಬ್ಬರದ ಖಾಲಿ ಚೀಲ, ಔಷಧಿ ಹೊಡೆಯುವ ಡಬ್ಬಿ ಎಲ್ಲ ತುಂಬಿ ಬಾಗಿಲು ಎಳೆದುಬಿಟ್ಟಳು.

ಈ ವರ್ಷ ಹುಬ್ಬೆ ಮಳೆ ಶುರುವಾಗುವ ಹೊತ್ತಿಗೆ ಸ್ವಪ್ನ ಮತ್ತೆ ಬಸುರಿ, ದಿನ ಹತ್ತಿರ ಬಂದಿತ್ತು. ಗಂಡ ಮಾರುತೇಶನ ಊರು ಮೊಳಕಾಲ್ಮೂರಿನ ಆಚೆ, ಇನ್ನೊಂದು ಹೆಜ್ಜೆ ಇಟ್ಟರೆ ಆಂಧ್ರ. ಅವಳ ಅತ್ತೆ ಲಕ್ಷ್ಮಕ್ಕ ಫೋನು ಮಾಡಿದಳು, ಅತ್ತಿಗೆ ಅನ್ನಲು ತೆಲುಗಿನ ವದಿನಾ ಅನ್ನುವವಳು. "ವದಿನಾ, ನಾನೂ ಅವನೂ ಬೆಳಗಾದ್ರೆ ಕೂಲಿಗೆ ಹೋಗೋರು. ಮನೇಲಿ ಒಬ್ಬಳನ್ನೇ ಬಿಟ್ ಹೋಗಕ್ಕೆ ನಂಗೆ ಎದೆ ಹೊಡ್ಕಂತೈತೆ. ಅವ್ಳು ನಿಮ್ಮನೇಗೆ ಬರಕ್ಕೆ ಒಲ್ಲೆ ಅಂತಾಳೆ. ನೀವೇ ಮಾತಾಡ್ರಿ."

ಫೋನು ಸ್ವಪ್ನಳ ಕೈಗೆ ಹೋಯಿತು.

"ಬರ್ತೀಯೇನವ್ವ?" ಎಂದಳು ಶಾಂತಕುಮಾರಿ.

"ಆ ಸಂದು ಮುಚ್ಚವ್ವ, ಬರ್ತೀನಿ," ಎಂದಳು ಮಗಳು. ಕೂಗಲಿಲ್ಲ, ರೇಗಲಿಲ್ಲ. "ಕಂಬಳಿ ತುರುಕಿ ಮುಚ್ಚದಲ್ಲ. ಮುಚ್ಚು. ಇಲ್ಲಾಂದ್ರೆ ನಾ ಬರಲ್ಲ, ಈಗ್ಲೂ ಬರಲ್ಲ, ಯಾವತ್ತೂ ಬರಲ್ಲ."

ಶಾಂತಕುಮಾರಿ ಫೋನು ಇಟ್ಟು ಸ್ವಲ್ಪ ಹೊತ್ತು ಒಲೆಯ ಮುಂದೆ ನಿಂತಳು. ಮಗಳು ಬರುವುದಿಲ್ಲ ಅಂದರೆ ಎದೆಯಲ್ಲಿ ಏನಾದರೂ ಆಗಬೇಕು. ಏನೂ ಆಗಲಿಲ್ಲ. ಆದರೆ ಬರಬೇಕು ಅನ್ನುವುದು ಮಾತ್ರ ಗೊತ್ತಿತ್ತು, ಹೊತ್ತು ಮುಳುಗಿದರೆ ಮೇಕೆ ಒಳಗೆ ಕಟ್ಟಬೇಕು ಅನ್ನುವುದು ಗೊತ್ತಿರುವ ಹಾಗೆ. ಗಂಡನಿಗೆ ಹೇಳಿದಳು. ಗಂಡ ಹೂಂ ಅಂದ.

ಎರಡು ದಿನ ಬಿಟ್ಟು ರಾಮಾಂಜನೇಯ ಬಂದ. ಚಳ್ಳಕೆರೆಯಲ್ಲಿ ಅಲ್ಯೂಮಿನಿಯಂ ಕೆಲಸ ಮಾಡುವವನು, ಈ ರೂಮು ನಿಲ್ಲಿಸಿಕೊಟ್ಟವನೂ ಅವನೇ. ಬೈಕಿನಿಂದ ಇಳಿಯುವ ಮೊದಲೇ ಅವನ ಬಾಯಿ ಶುರು. "ಅಕ್ಕ, ಇದ್ಯಾವ ಲೆಕ್ಕ? ಸಿಲಿಕಾನ್ ಅಂಟು ಹೊಡೆದು ಬಿಸಾಕ್ತೀನಿ. ಇರುವೆ ಹೋಗಲ್ಲ ನೋಡ್ರಿ, ಇರುವೆ." ಇಕ್ಕಳ ಹಾಕಿ ಹಳೆಯ ಕಂಬಳಿಯನ್ನು ಎಳೆದ. ಬಿಸಿಲಿಗೆ ಒಣಗಿ ಅದು ಹಲಗೆಯ ಹಾಗೆ ಸೆಟೆದುಕೊಂಡಿತ್ತು, ತುಂಡು ತುಂಡಾಗಿ ಬಂತು. ಒಂದೊಂದನ್ನೂ ಶಾಂತಕುಮಾರಿ ಇಸಿದುಕೊಂಡು ಒಂದು ಚೀಲಕ್ಕೆ ಹಾಕಿದಳು. ಕುರಿಯ ವಾಸನೆ ಇನ್ನೂ ಇತ್ತು. ಕಂಬಳಿ ತೆಗೆದ ಮೇಲೆ ನೋಡಿದರೆ ಸಂದು ಮೇಲ್ಗಡೆ ಅಗಲವಾಗಿದೆ, ಕೆಳಗೆ ಕಿರಿದಾಗಿದೆ.

"ಎರೆ ಭೂಮಿ ಅಲ್ವಾ ಅಕ್ಕ. ಮನೆಗೆ ಕಲ್ಲಿನ ಬುನಾದಿ ಐತೆ, ಅದು ಅಲ್ಲಾಡಲ್ಲ. ಈ ರೂಮಿಗೆ ಏನೈತೆ? ಬ್ಯಾಸಿಗೆಲಿ ಕೂರ್ತೈತೆ, ಮಳೇಲಿ ಏಳ್ತೈತೆ," ಎಂದು ರಾಮಾಂಜನೇಯ ಗನ್ನಿಗೆ ಟ್ಯೂಬು ಹಾಕಿದ. ಮೂತಿಯನ್ನು ಗೋಡೆಗೆ ಇಟ್ಟನೋ ಇಲ್ಲವೋ, ಜುಂಜಮ್ಮ ಬಾಗಿಲಿನಿಂದ ಕೂಗಿದಳು.

"ಲೇ! ಗ್ವಾಡೆ ಮುಟ್ಟಬ್ಯಾಡಲೇ!"

"ಅಜ್ಜಿ, ಗೋಡೆ ಮುಟ್ಟದೆ ಸಂದು ಹ್ಯಂಗ್ ಮುಚ್ಚಲಿ?"

"ಅದು ನಿನ್ ಕಸುಬು, ನಂದಲ್ಲ. ಗಾಜಿಗೆ ಏನಾರಾ ಬಳ್ಕ. ನನ್ ಮನೆ ಗ್ವಾಡೆಗೆ ಬಳಿಬ್ಯಾಡ. ಒಳಗೆ ಬುಟ್ಟಿ ಐತೆ."

ರಾಮಾಂಜನೇಯ ಓಬಳೇಶನ ಮುಖ ನೋಡಿದ. ಓಬಳೇಶ ಆಕಾಶ ನೋಡಿದ. "ಒಂದು ಕಡೆ ಮಾತ್ರ ಅಂಟಿಸಿದ್ರೆ ಸಾಲಲ್ವಾ ರಾಮು?" ಎಂದ ಕೊನೆಗೆ.

"ಅಣ್ಣ, ಒಂದು ಕಡೆ ಅಂಟಿಸಿದ್ರೆ ಅದು ಅಂಟಿದಂಗಲ್ಲ, ನೇತಾಡ್ತೈತೆ." ಆದರೂ ಬಂದ ದಾರಿಗೆ ಏನಾದರೂ ಮಾಡಬೇಕಲ್ಲ. ಶೀಟಿನ ಅಂಚಿಗೆ ಒಂದು ತಗಡಿನ ಪಟ್ಟಿ ಕೂರಿಸಿ, ಗೋಡೆಯ ಕಡೆಗೆ ಬಗ್ಗಿಸಿ, ಇನ್ನೇನು ಮುಟ್ಟಿತು ಅನ್ನುವಲ್ಲಿ ನಿಲ್ಲಿಸಿದ. ಜುಂಜಮ್ಮ ನೂಲು ತಂದಳು. ಒಂದು ಕಡೆ ಸಿಕ್ಕಿಕೊಂಡಿತು. ರಾಮಾಂಜನೇಯ ಗೊಣಗಿಕೊಂಡು ತಗಡನ್ನು ಒಂದು ನೂಲಿನಷ್ಟು ಹಿಂದೆ ಬಡಿದ. ಈಗ ಹಾಯಿತು. "ಒಂದು ತೊಟ್ಟು ಬಂದ್ರೆ ನನ್ ಮೀಸೆ ಬೋಳಿಸಿ," ಎಂದು ಬೈಕು ಹತ್ತಿದ.

ಅವನು ತಳಕು ದಾಟುವಷ್ಟರಲ್ಲೇ ಮಳೆ ಬಂತೇನೋ. ಶೀಟಿನ ಮೇಲೆ ಬಿದ್ದ ನೀರು ಆಚೆ ಹೋಯಿತು, ಚೆನ್ನಾಗಿಯೇ ಹೋಯಿತು. ಗೋಡೆಯ ಮೇಲೆ ಇಳಿದ ನೀರು ತಗಡನ್ನು ಕೇರೇ ಮಾಡದೆ, ಆ ನೂಲಿನಷ್ಟು ಜಾಗದಲ್ಲೇ ದಾರಿ ಮಾಡಿಕೊಂಡು ನೇರವಾಗಿ ಒಳಕ್ಕೆ ಬಂತು. ಶಾಂತಕುಮಾರಿ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದಳು. ಮಂಚ ಇದ್ದ ಜಾಗದಲ್ಲಿ ಗೊಬ್ಬರದ ಚೀಲಗಳು ನೆನೆಯುತ್ತಿದ್ದವು. ಅವಳು ಒಲೆಯ ಕಡೆ ತಿರುಗಿದಳು.

ಮಾರನೆಯ ದಿನ ಸ್ವಪ್ನ ವೀಡಿಯೋ ಕಾಲ್ ಮಾಡಿದಳು. ಮುಖ ಊದಿಕೊಂಡಿತ್ತು, ಕಣ್ಣ ಕೆಳಗೆ ಕಪ್ಪು.

"ಮುಚ್ಚಿದ್ರಾ?"

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಬರುತ್ತಿದ್ದಳು, ಬಂದ ಮೇಲೆ ನೋಡಿಕೊಳ್ಳಬಹುದಿತ್ತು. ಓಬಳೇಶ ಪಕ್ಕದಲ್ಲಿ ನಿಂತು ಹೇಳು ಹೇಳು ಅಂತ ತಲೆ ಆಡಿಸುತ್ತಲೂ ಇದ್ದ. ಆದರೆ ಸುಳ್ಳು ಹೇಳುವುದಕ್ಕೂ ಒಂದು ಹುರುಪು ಬೇಕಲ್ಲ, ಅದು ಶಾಂತಕುಮಾರಿಯಲ್ಲಿ ಇರಲಿಲ್ಲ. "ತಗಡು ಹೊಡ್ಸೀವಿ," ಎಂದಳು.

"ತೋರ್ಸು."

ಅವಳು ಅಂಗಳಕ್ಕೆ ಹೋಗಿ ಫೋನನ್ನು ಸಂದಿಗೆ ಎತ್ತಿ ಹಿಡಿದಳು. ಆಚೆಯ ಬಿಸಿಲು ಸಂದಿನುದ್ದಕ್ಕೂ ಒಂದು ಬಿಳಿ ಗೆರೆಯಾಗಿ ಕಾಣುತ್ತಿತ್ತು.

"ಬೆಳಕು ಕಾಣ್ತೈತಲ್ಲವ್ವ," ಎಂದಳು ಸ್ವಪ್ನ. ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಶಾಂತಕುಮಾರಿ ಒಳಗೆ ಬಂದಳು. ನಡುಕೋಣೆಯಲ್ಲಿ ಜುಂಜಮ್ಮ ಸ್ನಾನ ಮಾಡಿ ಬಂದು ಬುಟ್ಟಿಯ ಮುಂದೆ ಬತ್ತಿ ಹೊಸೆಯುತ್ತಾ ಕೂತಿದ್ದಳು. ಆ ಕೋಣೆ ಮನೆಯಲ್ಲೇ ಬೆಚ್ಚನೆಯದು, ನಾಲ್ಕೂ ಕಡೆ ದಪ್ಪ ಮಣ್ಣಿನ ಗೋಡೆ, ಒಂದು ತೊಟ್ಟು ಸೋರದು. ಶಾಂತಕುಮಾರಿ ಬಾಗಿಲಲ್ಲೇ ನಿಂತಳು. ತಾನು ಏನಾದರೂ ಹೇಳುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ.

"ಅತ್ತೆ, ಬುಟ್ಟೀನ ಆ ರೂಮಿಗೆ ಇಡಾನ. ಸ್ವಪ್ನ ಇಲ್ಲಿ ಮಲ್ಗಲಿ."

ಜುಂಜಮ್ಮನ ಕೈಯಲ್ಲಿ ಬತ್ತಿ ನಿಂತಿತು. "ಏನಂದಿ?"

"ಸಂದು ಹಂಗೇ ಇರ್ಲಿ. ಮುಚ್ಚಾದು ಬ್ಯಾಡ. ಎರಡೂ ಬ್ಯಾರೆ ಬ್ಯಾರೆ ಅಂತ ನೀವೇ ನೂಲು ಬಿಟ್ಟು ನೋಡೀರಿ. ಆ ಕಡೆ ದ್ಯಾವ್ರಿರ್ಲಿ, ಈ ಕಡೆ ಬಾಣಂತಿ ಇರ್ಲಿ. ಮುಟ್ಟಲ್ಲ."

"ಥೂ, ನಿನ್ ಬಾಯಿಗೆ! ದ್ಯಾವ್ರನ್ನ ಹೊರಗ್ ಹಾಕ್ತೀಯಾ? ಆ ಗೊಬ್ಬರದ ಚೀಲದ ರೂಮಿಗೆ? ಮಳೇಲಿ ನೆನಿಬೇಕಾ ದ್ಯಾವ್ರು?"

"ಅರಮನೆ ಇದ್ದಂಗೈತೆ ಅಂದಿದ್ರಲ್ಲತ್ತೆ," ಎಂದಳು ಶಾಂತಕುಮಾರಿ. ದನಿ ಏರಲಿಲ್ಲ, ಉಪ್ಪು ತಗಂಬಾ ಅನ್ನುವ ದನಿಯೇ. "ಮಗೀಗೆ ಇನ್ನೇನ್ ಬೇಕು ಅಂದಿದ್ರಿ. ಮಗೀಗೆ ಸಾಕಾಗಿದ್ದು ದ್ಯಾವ್ರಿಗೆ ಸಾಲಲ್ವಾ?"

ಓಬಳೇಶ ಹೊರಗೆ ಚಪ್ಪಲಿ ಹುಡುಕತೊಡಗಿದ. ಇಂಥ ಹೊತ್ತಿನಲ್ಲಿ ಅವನ ಚಪ್ಪಲಿ ಯಾವತ್ತೂ ಸಿಗುವುದಿಲ್ಲ. ಜುಂಜಮ್ಮ ಬತ್ತಿಯನ್ನು ಹಣತೆಗೆ ಹಾಕಿ ಬುಟ್ಟಿಯ ಕಡೆಗೆ ತಿರುಗಿಕೊಂಡಳು. ಶಾಂತಕುಮಾರಿ ಉತ್ತರಕ್ಕೆ ಕಾಯದೆ ಮೇಕೆಗೆ ಸೊಪ್ಪು ತರಲು ಹೋದಳು. ಆ ದಿನ ಜುಂಜಮ್ಮ ಉಣ್ಣಲಿಲ್ಲ. ಯಾರೂ ಬಲವಂತ ಮಾಡಲಿಲ್ಲ.

ಬೆಳಗ್ಗೆ ಜುಂಜಮ್ಮ ಮಗನನ್ನು ಕರೆದು ನೂಲು ಬಿಡು ಅಂದಳು. ಓಬಳೇಶ ಏಣಿ ಹತ್ತಿದ. ನೂಲು ಮೇಲಿನಿಂದ ಕೆಳಗಿನವರೆಗೆ ಸರಾಗವಾಗಿ ಬಂತು. ಮುದುಕಿ ಅದನ್ನು ಬೆರಳಿಗೆ ಸುತ್ತಿಕೊಂಡಳು. ಮುಟ್ಟುತ್ತಿದೆ ಅನ್ನಲು ದಾರಿಯೇ ಇರಲಿಲ್ಲ, ಅವಳದೇ ನೂಲು. "ಚೀಲ ಎಲ್ಲ ತೆಗ್ದು ಆ ರೂಮು ಸಾರ್ಸಿ," ಎಂದಳು. "ಬುಟ್ಟಿ ಜತೀಗೆ ನಾನೂ ಹೋಗ್ತೀನಿ. ದೀಪ ಹಚ್ಚೋರ್ಯಾರು?"

ರೂಮು ತೊಳೆದು ಸಾರಿಸಿದರು. ಓಬಳೇಶ ತಲೆಗೆ ನೀರು ಹುಯ್ದುಕೊಂಡು ಒದ್ದೆ ಪಂಚೆಯಲ್ಲೇ ಬುಟ್ಟಿ ಹೊತ್ತು ಅಂಗಳ ದಾಟಿದ. ಹಟ್ಟಿಯ ನಾಲ್ಕು ಜನ ಬೇಲಿಯ ಹತ್ತಿರ ನಿಂತು ನೋಡಿದರು. ಬುಟ್ಟಿ ಮನೆಯ ಅಜ್ಜಿಯೇ ಹಿಂದೆ ಹೊರಟಿದ್ದಾಳೆ, ಇನ್ನು ಕೇಳುವುದೇನು. ಬುಟ್ಟಿ ಕಿಟಕಿಯ ಕೆಳಗೆ ಕೂತಿತು, ಅಡುಗೆಮನೆಯಿಂದಲೂ ದೀಪ ಕಾಣಲಿ ಅಂತ. 'ಹಬ್ಬದ ಆಫರ್' ಅನ್ನುವ ಗಾಜಿಗೆ ಬೆನ್ನು ಕೊಟ್ಟು ಜುಂಜಮ್ಮ ಕಾಲು ಚಾಚಿದಳು.

ಶಾಂತಕುಮಾರಿ ಲಕ್ಷ್ಮಕ್ಕನ ಫೋನಿಗೆ ವೀಡಿಯೋ ಕಾಲ್ ಮಾಡಿ ಮಗಳಿಗೆ ಕೊಡಿಸಿದಳು. ಏನೂ ಹೇಳದೆ ಮೊದಲು ನಡುಕೋಣೆ ತೋರಿಸಿದಳು, ಬುಟ್ಟಿ ಇದ್ದ ಜಾಗದಲ್ಲಿ ಹಾಕಿದ ಮಂಚ ತೋರಿಸಿದಳು. ಆಮೇಲೆ ಅಡುಗೆಮನೆಯ ಕಿಟಕಿಗೆ ಫೋನು ಹಿಡಿದಳು. ಆಚೆ ಬುಟ್ಟಿ, ಬುಟ್ಟಿಯ ಪಕ್ಕದಲ್ಲಿ ಅಜ್ಜಿ.

"ಅಜ್ಜಿ ಯಾಕಲ್ಲಿ?" ಎಂದಳು ಸ್ವಪ್ನ.

"ನೀ ಇಲ್ಲಿಗೆ ಬರ್ತೀಯಲ್ಲ, ಅದ್ಕೆ."

ಸ್ವಪ್ನ ಆ ಕಡೆ ಬಿಕ್ಕಿದ್ದು ಕೇಳಿಸಿತು. ಎರಡು ದಿನದಲ್ಲಿ ಮಾರುತೇಶ ಕಾರು ಮಾಡಿಕೊಂಡು ಅವಳನ್ನು ತಂದು ಬಿಟ್ಟು ಹೋದ. ಶಾಂತಕುಮಾರಿ ನೀವಾಳಿಸಿ ಒಳಗೆ ಕರೆದುಕೊಂಡಳು, ಹಾಸಿಗೆ ತಟ್ಟಿ ಕೂರಿಸಿದಳು, ಬಿಸಿನೀರು ಕಾಸಿದಳು. ಎಲ್ಲ ಆಗಬೇಕಾದ್ದೇ ಆಯಿತು. ಸಂತೋಷ ಆಗಿರಬೇಕು ಅಂತ ತನ್ನ ಎದೆಯನ್ನು ತಾನೇ ತಡವಿ ನೋಡಿಕೊಂಡಳು. ಅಲ್ಲಿ ಏನೂ ಇರಲಿಲ್ಲ. ಮಗಳು ಬಂದಳಲ್ಲ, ಅಷ್ಟು ಸಾಕು ಅಂದುಕೊಂಡು ಅಕ್ಕಿ ಆರಿಸಲು ಕೂತಳು.

ಹಸ್ತ ಮಳೆ ಮೊದಲ ಸಲ ಬಂದದ್ದು ಒಂದು ಮಧ್ಯಾಹ್ನ. ಓಬಳೇಶ ಡ್ಯೂಟಿಯಲ್ಲಿದ್ದ. ಸ್ವಪ್ನ ನಡುಕೋಣೆಯಲ್ಲಿ ನಿದ್ದೆ ಹೋಗಿದ್ದಳು. ಮೂಡಣದ ಕಡೆಯಿಂದ ಗಾಳಿಯೊಂದಿಗೆ ಎರಚಿ ಎರಚಿ ಹೊಡೆಯಿತು. ಶಾಂತಕುಮಾರಿ ಕಿಟಕಿಗೆ ಬಂದಳು. ಗೋಡೆಯ ನೀರು ತಗಡಿನ ಸಂದಿನಲ್ಲಿ ಸಾಲಾಗಿ ಇಳಿಯುತ್ತಿತ್ತು. ಆಚೆ ಜುಂಜಮ್ಮ ಮೊಣಕಾಲೂರಿ, ಹೊದ್ದಿದ್ದ ಕಂಬಳಿಯನ್ನು ಎರಡೂ ಕೈಯಲ್ಲಿ ಬುಟ್ಟಿಯ ಮೇಲೆ ಚಪ್ಪರದ ಹಾಗೆ ಹಿಡಿದಿದ್ದಳು. ದೀಪ ಆರಿತ್ತು.

ಶಾಂತಕುಮಾರಿ ಸೆರಗು ತಲೆಗೆ ಹಾಕಿಕೊಂಡು ಅಂಗಳ ದಾಟಿ ರೂಮಿಗೆ ಹೋದಳು. "ಈಚೆ ಜರುಗ್ಸಾನ ತಡೀರಿ," ಎಂದು ಬಾಗಿದವಳು ಸೀರೆ ನೋಡಿಕೊಂಡು ಹಿಂದೆ ಸರಿದಳು. ಸ್ನಾನವಿಲ್ಲದೆ ಬುಟ್ಟಿ ಮುಟ್ಟುವಂತಿಲ್ಲ. ಜುಂಜಮ್ಮ ತಾನೇ ಬುಟ್ಟಿಯನ್ನು ತಬ್ಬಿ ಎತ್ತಿ, ಗಾಜಿನ ಮೂಲೆಗೆ, ಹನಿ ಬೀಳದ ಕಡೆಗೆ ಇಟ್ಟು ಬಂದಳು. ಕಂಬಳಿಯನ್ನೂ ಅದಕ್ಕೇ ಹೊದಿಸಿದಳು. ಆಮೇಲೆ ಅಲ್ಲೇ ಮೂಲೆಯಲ್ಲಿ ಕೂತುಕೊಳ್ಳಬಹುದಿತ್ತು, ಒಣಗಿದ ಜಾಗ ಬೇಕಾದಷ್ಟಿತ್ತು. ಕೂರಲಿಲ್ಲ.

"ಮಂಚ ಎಲ್ಲಿತ್ತೇ ಶಾಂತಾ?" ಎಂದಳು.

"ಇಲ್ಲೇ ಅತ್ತೆ. ಕಿಟಕಿ ಕೆಳಗೆ."

"ಮಗಿನ್ ತಲೆ ಯಾವ ಕಡೀಗಿತ್ತು?"

ಶಾಂತಕುಮಾರಿ ಬೆರಳು ತೋರಿಸಿದಳು. ಜುಂಜಮ್ಮ ಅಲ್ಲಿಗೆ ಹೋಗಿ, ಗೋಡೆಗೆ ತಾಗದ ಹಾಗೆ, ಸಂದಿನ ಕೆಳಗೆ ಸರಿಯಾಗಿ ಕೂತಳು. ನೀರು ಅವಳ ಬೈತಲೆಗೆ ಬಿತ್ತು, ಹಣೆಯ ಮೇಲೆ ಇಳಿಯಿತು, ಕಿವಿಯ ಹಿಂದೆ ಹರಿದು ಕುಪ್ಪಸದೊಳಗೆ ಹೋಯಿತು. ಅವಳು ಒರೆಸಿಕೊಳ್ಳಲಿಲ್ಲ.

"ಈಚೆ ಬರ್ರಿ ಅತ್ತೆ. ನೆಂದ್ರೆ ಜ್ವರ ಬರ್ತೈತೆ."

"ಇರ್ಲಿ ಬಿಡು. ನೋಡಾನ."

ಏನು ಮಾಡುವುದೋ ತಿಳಿಯದೆ ಶಾಂತಕುಮಾರಿ ಅವಳ ತಲೆಯ ಮೇಲೆ ತನ್ನ ಅಂಗೈ ಹಿಡಿದಳು, ಬರುವ ಹನಿಯನ್ನು ತಡೆಯಲು. ನೀರು ಅಂಗೈ ತುಂಬಿ ಮಣಿಕಟ್ಟಿನಿಂದ ಮೊಣಕೈಗೆ ಹರಿಯಿತು. ಅವಳು ಕೈಯನ್ನು ಸರ‍್ರನೆ ಹಿಂದಕ್ಕೆ ಎಳೆದುಕೊಂಡಳು. ಎಳೆದುಕೊಂಡು ಆ ಕೈಯನ್ನೇ ನೋಡಿದಳು. ಒಂದು ವರ್ಷದಿಂದ ಉರಿವ ಪಾತ್ರೆಗೂ ಹಿಂದೆ ಸರಿಯದ ಕೈ.

"ತಣ್ಣಗೈತಲ್ಲತ್ತೆ," ಎಂದಳು.

ಮತ್ತೆ ಚಾಚಿದಳು, ಮತ್ತೆ ಹಾಗೇ. ಮೂಳೆಗೆ ಇಳಿಯುವ ತಣ್ಣಗೆ. ಇದು ಅದರ ಮೈಮೇಲೆ, ಅಷ್ಟಗಲದ ಎದೆಯ ಮೇಲೆ, ಹಗಲೂ ರಾತ್ರಿ ಬಿದ್ದಿತ್ತು. ಮಂಚವನ್ನು ಎಳೆದು ತಂದು ಇದರ ಕೆಳಗೆ ಇಟ್ಟವಳು ತಾನೇ, ಮುಖ ನೋಡಬೇಕು ಅಂತ. "ಎಷ್ಟ್ ತಣ್ಣಗೈತತ್ತೆ, ಇದು ಎಷ್ಟ್ ತಣ್ಣಗೈತೆ," ಅನ್ನುತ್ತಾ ಅನ್ನುತ್ತಾ ಅವಳು ಮುದುಕಿಯ ಪಕ್ಕದಲ್ಲಿ ಕುಸಿದು ಕೂತಳು. ಅಳು ಹೊಟ್ಟೆಯಿಂದ ಬಂತು, ಶೀಟಿನ ಮೇಲಿನ ಮಳೆಯ ಸದ್ದನ್ನೂ ಮೀರಿ ಬಂತು. ಒಳಗೆ ಸ್ವಪ್ನ ಎಚ್ಚರಗೊಂಡು, ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯ ಕಿಟಕಿಗೆ ಬಂದು ನಿಂತಳು.

ಜುಂಜಮ್ಮ ಸೊಸೆಯ ಒದ್ದೆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಅವಳ ಹಲ್ಲು ಕಟಕಟ ಅನ್ನುತ್ತಿದ್ದವು.

"ಹೂಂ ಕಣವ್ವ," ಎಂದಳು. "ತಣ್ಣಗೈತೆ."